ಒಂಬತ್ತನೇ ದೋಣಿಯ ಪ್ರಾರ್ಥನೆ

ಅಲ್ಲೇ ಯಾಕೆ ನಿಂತುಬಿಟ್ಟೆ? ಒಳಗೆ ಬಾರಮ್ಮ. ಇವತ್ತು ಬರಬಹುದು... ಮೆಟ್ಟಿಲ ಮೇಲೆ ನಿಲ್ಲೋದು ನಾಳೆ ಮಾತ್ರ. ನಾಳೆ ತಾನೇ ತಾರೀಕು! ಹಡಗು ಮುಳುಗಿ ನೂರು ವರ್ಷ. ದೇವರು ದೊಡ್ಡವನು, ಅದನ್ನ ನೋಡೋಕೆ ಅಂತಲೇ ನನ್ನನ್ನ ಎಪ್ಪತ್ತೊಂಬತ್ತರ ತನಕ ಉಳಿಸಿದ್ದಾನೆ. ಬಾಗಿಲು ಹಾಕು... ಬೇಡವಾ? ಸರಿ ಬಿಡು, ತೆರೆದೇ ಇರಲಿ. ಪಾಲಿಶ್ ವಾಸನೆಯಾದರೂ ಹೋಗಲಿ. ಬೆಳಗಿನಿಂದ ಈ ಪ್ರಾರ್ಥನಾ ಮಂದಿರದ ಬೆಂಚುಗಳನ್ನ ಒರೆಸಿ ಒರೆಸಿ ನನ್ನ ರಟ್ಟೆ ಬಿದ್ದುಹೋಯಿತು.

ಪುಸ್ತಕ ತಂದೆಯಾ? ಕೊಡು ಇಲ್ಲಿ... ಅಬ್ಬಬ್ಬಾ! ಬೆನ್ನಿಗೆ ಹೊಸ ಚರ್ಮ, ತಲೆಗೆ ನೂಲಿನ ಅಂಚು... ಸತ್ತವರ ಹೆಸರಿನ ಪುಸ್ತಕಕ್ಕೆ ಮದುಮಗಳ ಸಿಂಗಾರ ಮಾಡಿದ್ದೀಯಲ್ಲೇ! ನಿಜ ಹೇಳಲಾ? ನಮ್ಮ ಸಭೆ ಕಾರ್ಯದರ್ಶಿ ಇದನ್ನ ರಿಪೇರಿಗೆ ನಿನ್ನ ಹತ್ತಿರ ಕೊಡ್ತೀನಿ ಅಂದಾಗ ನಾನು ಬೇಡ ಅಂದಿದ್ದೆ. ಬೇಜಾರು ಮಾಡ್ಕೋಬೇಡ. "ಸಾವಿರದ ನಾನೂರು ಜನರ ಹೆಸರಿದೆಯಪ್ಪಾ ಅದರಲ್ಲಿ. ಅವರನ್ನ ನೀರಲ್ಲೇ ಬಿಟ್ಟು ಬಂದವನ ಮರಿಮಗಳ ಕೈಗಾ?" ಅಂದೆ. ಊರಲ್ಲಿ ಪುಸ್ತಕ ಹೊಲಿಯೋರು ಇನ್ಯಾರೂ ಇಲ್ಲ ಅಂದ. ದೇವರ ಇಚ್ಛೆ ಅಂದುಕೊಂಡೆ. ನಿನಗೂ ಸೇರಿಸಿ ಒಂದು ಪ್ರಾರ್ಥನೆ ಮಾಡಿದೆ. ದಿನಾ ಮಾಡ್ತೀನಿ, ಗೊತ್ತಾ? ನಿನ್ನ ಹೆಸರು, ನಿಮ್ಮಮ್ಮನ ಹೆಸರು, ಎರಡೂ ಹೇಳ್ತೀನಿ.

ನಿಮ್ಮಮ್ಮ ಹೇಗಿದ್ದಾರೆ? ಮಂಡಿ? ಪಾಪ, ಹೋದ ವರ್ಷ ಮಳೆಯಲ್ಲಿ ಎರಡು ಗಂಟೆ ನಿಂತಿದ್ದರು. ನಾನು ಈ ಕಿಟಕಿಯಿಂದ ನೋಡ್ತಾನೇ ಇದ್ದೆ. ಹೆಸರು ಓದುವಾಗ ಮಧ್ಯೆ ನಿಲ್ಲಿಸೋ ಹಾಗಿಲ್ಲವಲ್ಲ! ಒಂದು ಕುರ್ಚಿ ಕಳಿಸೋಣ ಅಂದ ಕಾರ್ಯದರ್ಶಿ. ನಾನೇ ತಡೆದೆ. ಕುರ್ಚಿ ಕೊಟ್ಟುಬಿಟ್ಟರೆ ನಿಂತ ಪುಣ್ಯ ಅರ್ಧ ಆಗಿಬಿಡುತ್ತಲ್ಲಮ್ಮ. ಅವರ ಒಳ್ಳೇದಕ್ಕೇ ಅಂದದ್ದು. ಕೊನೇ ಹೆಸರು ಓದಿದ ಮೇಲೆ ನಾನೇ ಹೊರಗೆ ಹೋಗಲಿಲ್ಲವಾ? ಅವರ ತಲೆ ಮೇಲೆ ಕೈಯಿಟ್ಟು "ನಿಮ್ಮನ್ನ ಕ್ಷಮಿಸಿದ್ದೇವೆ" ಅನ್ನಲಿಲ್ಲವಾ? ಒದ್ದೆ ತಲೆ. ಆಮೇಲೆ ನನಗೇ ನೆಗಡಿ ಆಯಿತು.

ಈ ಸಲ ಒಳಗೆ ಕೂರಬೇಕು ಅಂತ ಚೀಟಿ ಬರೆದಿದ್ದಾರೆ. ನೋಡಿದೆ. "ಸಾಯೋದರೊಳಗೆ ಒಂದೇ ಒಂದು ಸಲ, ಯಾವ ಬೆಂಚಾದರೂ ಸರಿ." ಕಣ್ಣಲ್ಲಿ ನೀರು ಬಂತು ಕಣೇ. ಆದರೆ ನಾನು ಯಾರು ಹೂಂ ಅನ್ನೋಕೆ? ನೀರಿನ ಕೆಳಗಿರೋರು ಒಪ್ಪಬೇಕಲ್ಲ. ನಿಮ್ಮ ಮನೆಯವರು ನಾಲ್ಕು ತಲೆಮಾರು ಹೊರಗೇ ನಿಂತಿದ್ದೀರಿ. ಅದೂ ಒಂದು ಮರ್ಯಾದೆ ಅಂದುಕೋಬೇಕು. ಅಭ್ಯಾಸ ತಪ್ಪಿಸಬಾರದು.

ಯಾಕೆ ಹಾಗೆ ನೋಡ್ತೀಯ?

ಓ, ಆ ಪೆಟ್ಟಿಗೇನಾ? ನಾಳೆ ಬರೋ ಪ್ರವಾಸಿಗರಿಗೆ. ಹಡಗಿನ ಚಿತ್ರದ ಲೋಟ, ಹಡಗಿನ ಆಕಾರದ ಸೋಪು. ಇನ್ನೊಂದಿದೆ ನೋಡು, ರಬ್ಬರಿನ ಹಡಗು. ಮಕ್ಕಳು ಸ್ನಾನದ ತೊಟ್ಟಿಯಲ್ಲಿ ಬಿಟ್ಟರೆ ತಾನಾಗೇ ನೀರು ತುಂಬಿಕೊಂಡು ಮುಳುಗುತ್ತಂತೆ! ಲೋಕವೆಲ್ಲ ಬಲ್ಲ ಹಡಗು, ಏನು ಮಾಡೋದು? ಜನಕ್ಕೆ ಸಾವು ಅಂದರೆ ಆಟ. ಅದಕ್ಕೇ ನಾನು ನಮ್ಮಜ್ಜಿ ಕಥೆ ಹೇಳೋದು ಬಿಟ್ಟಿಲ್ಲ. ಆಟಿಕೆ ಕೈಯಲ್ಲಿ ಹಿಡಿದವರೂ ಅಜ್ಜಿ ಕಥೆ ಬಂದಾಗ ಕಣ್ಣೊರೆಸ್ಕೋತಾರೆ.

ನೀನು ಬಾಗಿಲಾಚೆಯಿಂದಲೇ ಕೇಳಿರ್ತೀಯ, ಅಲ್ಲಿಗೆ ಪೂರ್ತಿ ಕೇಳಿಸಲ್ಲ. ಕೂತುಕೋ, ಹೇಳ್ತೀನಿ. ಹಡಗಿಂದ ಇಳಿಸಿದ ಒಂಬತ್ತನೇ ದೋಣಿ, ಅರವತ್ತು ಜನ ಹಿಡಿಸೋದು. ಇದ್ದದ್ದು ಇಪ್ಪತ್ತೆರಡು ಜನ! ನಮ್ಮಜ್ಜಿಗೆ ಆಗ ಇಪ್ಪತ್ತನಾಲ್ಕು, ಮದುವೆಯಾಗಿ ಒಂದು ವರ್ಷ. ಚುಕ್ಕಾಣಿ ಹಿಡಿದು ಕೂತವನು ಹಡಗಿನ ಆಳು, ನಿಮ್ಮ ಮುತ್ತಜ್ಜ. ಹಡಗು ಮುಳುಗಿತು. ಕತ್ತಲೆ, ಕೊರೆಯೋ ನೀರು, ಸುತ್ತಲೂ ಜನ ಕೂಗ್ತಿದ್ದಾರೆ. ಅಜ್ಜಿ ಕೈ ಮುಗಿದು ಬೇಡಿಕೊಂಡಳು: "ಹಿಂದಕ್ಕೆ ತಿರುಗಿಸಪ್ಪಾ, ಜಾಗ ಇದೆ." ಅವನು ತಿರುಗಿಸಲಿಲ್ಲ. ಆಗ ಅಜ್ಜಿ ಏನು ಮಾಡಿದಳು? ದೇವರನ್ನ ಬಿಟ್ಟರೆ ಯಾರು ಗತಿ? ಪ್ರಾರ್ಥನೆ ಶುರು ಮಾಡಿದಳು. ಇಪ್ಪತ್ತೆರಡು ಜನರೂ, ಬೆಳಕು ಹರಿಯೋ ತನಕ, ಜೋರಾಗಿ, ಗಂಟಲು ಹರಿಯೋ ಹಾಗೆ! ಇವತ್ತಿಗೂ ನಾವು ಅದೇ ಪ್ರಾರ್ಥನೆ ಮಾಡೋದು. ಅದೇ ಶಬ್ದಗಳು. ಹಾಗೇ ಜೋರಾಗಿ.

ವಿಚಾರಣೆಯಲ್ಲಿ ನಿಮ್ಮ ಮುತ್ತಜ್ಜ ಒಂದೇ ಮಾತು ಆಡಿದ್ದಂತೆ: "ಚುಕ್ಕಾಣಿ ನನ್ನ ಕೈಯಲ್ಲಿತ್ತು." ಅಷ್ಟೇ. ಬೇರೆ ಏನು ಕೇಳಿದರೂ ತುಟಿ ಬಿಚ್ಚಲಿಲ್ಲ. ಮೌನಂ ಸಮ್ಮತಿ ಲಕ್ಷಣಂ! ತಪ್ಪಿಲ್ಲದವನು ಸುಮ್ಮನಿರ್ತಾನಾ? ಆಮೇಲೆ ಮನೆ ಕಿಟಕಿಗೆ ಕಲ್ಲು ಬಿತ್ತು, ಹೆಂಡತಿಗೆ ಅಂಗಡಿಯವರು ಬೆನ್ನು ತಿರುಗಿಸಿದರು... ಒಂದು ದಿನ ಬೆಳಿಗ್ಗೆ, ಸಮುದ್ರ ಕನ್ನಡಿ ಹಾಗೆ ನಿಂತಿತ್ತಂತೆ, ಬೂಟು ಕಳಚಿಟ್ಟು ನಡ್ಕೊಂಡು ಹೋಗಿಬಿಟ್ಟ. ಬೂಟು ಜೋಡಿಸಿಟ್ಟಿದ್ದನಂತೆ, ಪಾಪ, ಅಚ್ಚುಕಟ್ಟು ಮನುಷ್ಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ... ಅಲ್ವಾ?

ಯಾಕೆ ನಗ್ತೀಯ? ಏನು? ನನ್ನ ಕೈನಾ? ಶಾಲು ಜಾರಿತು ಅಂತ ಹೆಗಲು ಮುಟ್ಟಿದೆ ಅಷ್ಟೆ! ನಗೋ ವಿಷಯವಾ ಇದು?

ಇರಲಿ. ನಿನಗೆ ಒಂದು ಕೇಳಬೇಕಿತ್ತು. ಕಾರ್ಯದರ್ಶಿ ಹೇಳ್ತಿದ್ದ, ನೀನು ಅವನನ್ನ ಏನೋ ಕೇಳಿದೆಯಂತೆ. "ಈ ಪುಸ್ತಕದಲ್ಲಿ ಎಂಟೆಂಟು ಹಾಳೆ ಸೇರಿಸಿ ಒಂದೊಂದು ಕಟ್ಟು ಹೊಲಿದಿದ್ದಾರೆ, ಕೊನೇ ಕಟ್ಟಿನಲ್ಲಿ ಮಾತ್ರ ಏಳೇ ಹಾಳೆ ಯಾಕೆ?" ಅಂತ. ಅವನಿಗೇನು ಗೊತ್ತು, ನನ್ನ ಹತ್ತಿರ ಬಂದ. ನಾನಂದೆ, ಹಳೇ ಕಾಲದ ಕೆಲಸ, ಹೊಲಿದವನು ಎಣಿಸೋದರಲ್ಲಿ ತಪ್ಪಿರ್ತಾನೆ ಬಿಡು ಅಂತ. ಅಷ್ಟೇ ಅಲ್ವಾ?

ಅಲ್ವಾ?

ಮಾತಾಡಬಾರದಾ? ಬಂದಾಗಿನಿಂದ ನಾನೊಬ್ಬಳೇ ಗಿಳಿ ಹಾಗೆ ಒದರ್ತಿದ್ದೀನಿ. ನಿಮ್ಮ ವಂಶದಲ್ಲೇ ಮಾತಿಲ್ಲ. ಮತ್ತೆ... ಮತ್ತೆ ನುಸಿ ಹಿಡಿದಿತ್ತಾ ಪುಸ್ತಕಕ್ಕೆ? ಹಳೇ ಪುಸ್ತಕ ಅಂದಮೇಲೆ ನುಸಿ ಇದ್ದೇ ಇರುತ್ತೆ. ಆ ಹಾಳು ಹುಳಕ್ಕೆ ಕಾಗದಕ್ಕಿಂತ ಹಿಟ್ಟಿನ ಅಂಟೇ ರುಚಿ. ಅಡುಗೆಮನೆ ಹಿಟ್ಟು ಕಲಸಿ ಅಂಟಿಸಿದರೆ ಮುಗೀತು, ಅದನ್ನೇ ಹುಡುಕ್ಕೊಂಡು ಬಂದು ತಿಂದು...

ಅಂಟು ಅಂದೆನಾ? ನಾನಾ? ಸುಮ್ಮನೆ ಮಾತಿಗೆ ಹೇಳಿದೆ. ನೀವು ಪುಸ್ತಕ ಹೊಲಿಯೋರು ಅಂಟಿಗೆ ಮೈಲುತುತ್ತದ ಪುಡಿ ಸೇರಿಸ್ತೀರಂತಲ್ಲ, ಹುಳ ಬರಬಾರದು ಅಂತ... ಅದೆಲ್ಲ ಆಮೇಲೆ ಗೊತ್ತಾಗಿದ್ದು ನನಗೆ. ಆಗ ಹತ್ತೊಂಬತ್ತು ವರ್ಷದ ಹುಡುಗಿಗೆ ಯಾರು ಹೇಳಿಕೊಡ್ತಾರೆ?

ಬೇಡ. ತೆರೀಬೇಡ ಅದನ್ನ. ಮಗಳೇ, ಬೇಡ ಅಂದೆ.

...ಅಂಟಿಕೊಂಡಿದ್ದ ಎರಡು ಹಾಳೆಯನ್ನ ಎಷ್ಟು ಚೆನ್ನಾಗಿ ಬಿಡಿಸಿದ್ದೀಯ. ಒಂದು ಅಕ್ಷರವೂ ಹರಿದಿಲ್ಲ. ನುಸಿ ಅಂಚು ಮಾತ್ರ ತಿಂದಿದೆ. ಹುಳಕ್ಕೂ ದೇವರ ಭಯ ಇದೆ ನೋಡು.

ಕನ್ನಡಕ ಯಾಕೆ ಕೊಡ್ತೀಯ? ಬೇಡ. ಅದನ್ನ ಓದೋಕೆ ನನಗೆ ಕನ್ನಡಕ ಬೇಡ. "ನಾನು, ಒಂಬತ್ತನೇ ದೋಣಿಯಲ್ಲಿ ಬದುಕಿ ಬಂದವಳು, ದೇವರ ಮುಂದೆ ಇದನ್ನು ಬರೆಯುತ್ತೇನೆ. ಚುಕ್ಕಾಣಿ ಹಿಡಿದವನು ಎರಡು ಸಲ ದೋಣಿ ತಿರುಗಿಸಲು ಹೋದ. ಎರಡು ಸಲವೂ ಅವನ ಕೈಗಳ ಮೇಲೆ ನನ್ನ ಕೈಯಿಟ್ಟು ಒತ್ತಿ ಹಿಡಿದವಳು ನಾನು. ಹೋದರೆ ದೋಣಿ ಮಗುಚೀತೆಂಬ ಭಯ ನನಗೆ. ನೀರಿನಲ್ಲಿದ್ದವರು ಕೂಗುತ್ತಿದ್ದರು. ನಮ್ಮ ಕಿವಿಗೆ ಬೀಳಬಾರದೆಂದು ಎಲ್ಲರಿಗೂ ಜೋರಾಗಿ ಪ್ರಾರ್ಥಿಸಿರೆಂದು ಹೇಳಿದವಳು ನಾನು. ಕೂಗು ನಿಲ್ಲುವ ತನಕ ನಾವು ನಿಲ್ಲಿಸಲಿಲ್ಲ. ಇದನ್ನು ಪ್ರತಿ ವರ್ಷ, ಹೆಸರುಗಳಿಗಿಂತ ಮೊದಲು ಓದಬೇಕು. ಮೊಮ್ಮಗಳು ಓದುವಳು."

ಮೊಮ್ಮಗಳು ಓದುವಳು... ಅಜ್ಜಿ ಈ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದು ನನ್ನ ಕೈಗಿಟ್ಟಳು. ಮೂರನೇ ದಿನ ಹೋದಳು. ಮಾರನೇ ವಾರವೇ ತಾರೀಕು. ಸಭೆಯಲ್ಲಿ ಎಲ್ಲರೂ ಎದ್ದು ನಿಂತಿದ್ದರು, ನಮ್ಮಜ್ಜಿಗೋಸ್ಕರ ಅಳ್ತಿದ್ದರು. ನೀನೇ ಹೇಳು, ಅವತ್ತು ನಾನು ಹೇಗೆ ಓದಲಿ? ಈ ವರ್ಷ ಬೇಡ, ಮುಂದಿನ ವರ್ಷ ಅಂದುಕೊಂಡೆ. ದೇವರನ್ನ ಕೇಳಿದೆ. ದೇವರು ಏನೂ ಅನ್ನಲಿಲ್ಲ. ಬೇಡ ಅನ್ನದಿದ್ದರೆ ಒಪ್ಪಿಗೆ ಅಂತ ತಾನೇ? ಅರವತ್ತು ವರ್ಷ ಕೇಳಿದ್ದೀನಮ್ಮ, ಒಂದು ದಿನವೂ ತಪ್ಪಿಸಿಲ್ಲ.

ನೀನು ಯಾಕೆ ಬೈಯ್ಯಲ್ಲ? ಬೈದರೆ ಉತ್ತರ ಕೊಡಬಹುದು. ಅಜ್ಜಿ ಮಾಡಿದ್ದಕ್ಕೆ ನಾನು ಏನು ಮಾಡಲಿ ಅನ್ನಬಹುದು. ನಾನು ಯಾರ ಕೈಯನ್ನೂ ಒತ್ತಿ ಹಿಡಿದಿಲ್ಲ...

ಸರಿ, ಕೇಳು. ಒಂದು ಮಾತು. ನಿನ್ನ ಅಂಟು ಒಳ್ಳೇದು, ಮೈಲುತುತ್ತ ಇದೆ, ಇನ್ನು ನೂರು ವರ್ಷ ಹುಳ ಮುಟ್ಟಲ್ಲ. ನೀನು ಆ ಹಾಳೆಯನ್ನ ಮೊದಲಿದ್ದ ಹಾಗೇ... ನಾಳೆ ನಿಮ್ಮಮ್ಮ ಒಳಗೆ ಬರಲಿ. ಕೂರಲಿ! ಕೊನೇ ಬೆಂಚು... ಇಲ್ಲ, ಮಧ್ಯದ ಬೆಂಚು. ಮುಂದಿನದೇ ಇರಲಿ, ನನ್ನ ಪಕ್ಕದಲ್ಲೇ! ಮೆತ್ತೆ ಹಾಕಿಸ್ತೀನಿ. ಅವರಿಗೆ ಬೇಕಾದದ್ದು ಅಷ್ಟೇ ತಾನೇ? ನಾನೇ ಮನೆಗೆ ಬಂದು ಕೈಹಿಡಿದು ಕರ್ಕೊಂಡು ಬರ್ತೀನಿ. ಅವರಿಗೆ ಇದೇನೂ ತಿಳಿಯೋದು ಬೇಡ. ಈ ವಯಸ್ಸಲ್ಲಿ ಇಂಥದ್ದೆಲ್ಲ ತಿಳಿದು ಏನಾಗಬೇಕು? ಕಲ್ಲೆಸೆದವರು ಸತ್ತರು, ಏಟು ತಿಂದವನೂ ಸತ್ತ. ಅರವತ್ತು ವರ್ಷ ನಿಂತದ್ದು ಸುಮ್ಮನೆ ನಿಂತದ್ದು ಅಂತ ಗೊತ್ತಾದರೆ ಅವರ ಎದೆ ಒಡೆಯಲ್ವಾ? ಅವರನ್ನ ಕ್ಷಮಿಸೋಕೆ ಅಂತ ಅಷ್ಟು ಸಲ ತಲೆ ಮುಟ್ಟಿದ ಕೈ ಇದು. ಅದು ಸುಳ್ಳು ಅಂತ ಹೇಳ್ತೀಯಾ ಅವರಿಗೆ? ಅಷ್ಟು ಕಲ್ಲು ಮನಸ್ಸಾ ನಿನಗೆ?

ಎಲ್ಲಿ ನೋಡ್ತಿದ್ದೀಯ? ಬಾಗಿಲ ಕಡೆ ಏನಿದೆ?

...ಅದು ಯಾರ ಕೋಲು?

ಇವತ್ತೂ ಮೆಟ್ಟಿಲ ಮೇಲೇ... ಅಯ್ಯೋ, ಒಳಗೆ ಬರಬಹುದಿತ್ತಲ್ಲ, ಇವತ್ತು ಬರಬಹುದು ಅಂದೆನಲ್ಲ! ಎಷ್ಟು ಹೊತ್ತಾಯಿತು ಅವರು ಕೂತು? ನೀನು ಬಂದಾಗಿನಿಂದಲಾ? ಅದಕ್ಕಾ ಬಾಗಿಲು ಹಾಕಬೇಡ ಅಂದದ್ದು? ಎಂಥಾ ಹುಡುಗಿಯೇ ನೀನು... ನನ್ನ ಗಂಟಲು ದೊಡ್ಡದು ಅಂತ ಊರಿಗೇ ಗೊತ್ತು...

ಅಮ್ಮಾ? ಒಳಗೆ ಬನ್ನಿ. ಬನ್ನಿ, ಕೂರಿ, ಬೆಂಚು ಒರೆಸಿದ್ದೀನಿ. ...ಯಾಕೆ ಏಳಲ್ಲ? ಮಂಡಿನಾ? ಇವಳೇ, ನಿಮ್ಮಮ್ಮನಿಗೆ ಕೈ ಕೊಡಬಾರದಾ? ಯಾಕೆ ಇಬ್ಬರೂ ಹೀಗೆ ನನ್ನನ್ನೇ... ಅಳ್ತಿದ್ದಾರಾ? ಇಲ್ಲ. ಅಳ್ತಾನೂ ಇಲ್ಲ.

ಪ್ರಾರ್ಥನೆ ಮಾಡೋಣ. ಹೌದು, ಅದೇ ಸರಿ. ಮೂವರೂ ಸೇರಿ. ಶಬ್ದಗಳು ಗೊತ್ತಲ್ಲ ನಿಮಗೆ, ಹೊರಗಿಂದಲೇ ಕೇಳಿ ಕೇಳಿ ಬಾಯಿಗೆ ಬಂದಿರುತ್ತೆ. "ದೇವರೇ, ನೀರಿನ ಮೇಲಿರುವವರನ್ನು ಕಾಯಿ, ನೀರಿನ ಕೆಳಗಿರುವವರನ್ನು ಕಾಯಿ..." ಹೇಳಿ! ಜೋರಾಗಿ! "ನೀರಿನ ಮೇಲಿರುವವರನ್ನು ಕಾಯಿ..." ನಾನೊಬ್ಬಳೇ ಹೇಳಿದರೆ ಹೇಗೆ? "ನೀರಿನ ಕೆಳಗಿರುವವರನ್ನು..."

ಕೂಗಿ ನನ್ನ ಮೇಲೆ. ಯಾರಾದರೂ ಒಬ್ಬರು ಕೂಗಿ. ಕಲ್ಲಾದರೂ ಎಸೀರಿ ಕಿಟಕಿಗೆ. ಇಷ್ಟು ನಿಶ್ಶಬ್ದದಲ್ಲಿ ನನಗೆ ಪ್ರಾರ್ಥನೆ ಬರಲ್ಲ ಕಣ್ರೇ... ಕೂಗು ಇಲ್ಲದೆ ಪ್ರಾರ್ಥಿಸೋದನ್ನ ನಮ್ಮ ಮನೇಲಿ ಯಾರೂ ನನಗೆ ಕಲಿಸಿಲ್ಲ.