ಗುಬ್ಬಿಗಾಲಿನ ದಡಿ

ಈ ಸಭೆಯ ಅಧ್ಯಕ್ಷರೂ ನಮ್ಮ ನೇಕಾರರ ಸಂಘದ ಹಿರಿಯರೂ ಆದ ಕಾಶಪ್ಪನವರೇ, ಇಂದು ಸನ್ಮಾನ ಸ್ವೀಕರಿಸಲಿರುವ ಯಲ್ಲಕ್ಕ ಅಜ್ಜಿಯವರೇ, ನಮ್ಮ ಕಂಪ್ಯೂಟರ್ ನೋಡಿಕೊಳ್ಳುವ, ತೇರದಾಳದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಧರ್ಮರಾಜ ಅವರೇ, ಖಂಡೇನವಮಿಯ ಹೋಳಿಗೆ ಉಂಡು ಕಣ್ಣು ಎಳೆಯುತ್ತಿದ್ದರೂ ಬಂದು ಕೂತಿರುವ ಬನಹಟ್ಟಿಯ ಸಭಿಕರೇ,

ನನ್ನ ಜೇಬಿನಲ್ಲಿ ಒಂದು ಭಾಷಣ ಇದೆ. ಚಂದಗೆ ಬರೆದು ತಂದಿದ್ದೆ. ಅದನ್ನು ಓದುವುದಿಲ್ಲ. ನನ್ನ ಹಿಂದಿನ ಪರದೆ ನೋಡಿ, ಬೆಳ್ಳಗಿದೆ. 'ಇನ್ನೂ ಚಾಲೂ ಆಗಿಲ್ಲೇನೋ ಸುಭಾಷಾ?' ಎಂದು ಮುಂದಿನ ಸಾಲಿನವರು ಆಗಲೇ ಕೇಳಿದಿರಿ. ಚಾಲೂ ಆಗಿದೆ. ಯಲ್ಲಕ್ಕನವರ ಗುಬ್ಬಿಗಾಲಿನ ದಡಿ ಇಷ್ಟೇ. ಇಷ್ಟೇ ಉಳಿದಿದೆ.

ಗುಬ್ಬಿ ಹೆಜ್ಜೆ ಊರಿದ ಹಾಗೆ ಕಾಣುವ ಆ ಸೀರೆಯ ದಡಿಯನ್ನು, ಅಂದರೆ ಅಂಚನ್ನು, ನಮ್ಮಲ್ಲಿ ನೇಯುತ್ತಿದ್ದವರು ಇವರೊಬ್ಬರೇ. ಕಣ್ಣಿಗೆ ಪೊರೆ ಬಂದು ಇವರು ಮಗ್ಗದಿಂದ ಎದ್ದ ಮೇಲೆ ಅದು ಯಾರ ಮಗ್ಗದಲ್ಲೂ ಇಲ್ಲ. ಇವತ್ತು ಮುಂಜಾನೆ ಅದನ್ನು ನನಗೆ ಹೇಳಿಕೊಟ್ಟರು. ನಾನು ಸಂಘದ ಕಂಪ್ಯೂಟರಿಗೆ ಏರಿಸಿದೆ. 'ಸೇವ್ ಆಯಿತು' ಎಂದು ತೋರಿಸಿತು. ಈಗ ವೇದಿಕೆ ಹತ್ತುವ ಮುಂಚೆ ತೆರೆದು ನೋಡುತ್ತೇನೆ, ಫೈಲಿನ ಹೆಸರು ಇದೆ, ಒಳಗೆ ಏನೂ ಇಲ್ಲ! ಧರ್ಮರಾಜ ಅವರನ್ನು ಕೂಗಿದೆ.

ಎಲ್ಲಿಗೆ ಹೋಯಿತು? ಧರ್ಮರಾಜ ಅವರು ವೇದಿಕೆಯ ಕೆಳಗೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಾವು ಸೇವ್ ಒತ್ತಿದ ಕೂಡಲೇ ನಮ್ಮ ಕೆಲಸ ಡಿಸ್ಕಿಗೆ ಹೋಗಿ ಕೂರುವುದಿಲ್ಲವಂತೆ. ಆಪರೇಟಿಂಗ್ ಸಿಸ್ಟಮ್ ಎಂಬ ಯಜಮಾನ ಅದನ್ನು ಮೊದಲು ಮೆಮೊರಿಯಲ್ಲಿ, ಫೈಲ್ ಕ್ಯಾಶ್ ಎಂಬ ಜಾಗದಲ್ಲಿ, ಬ್ಲಾಕುಗಳಾಗಿ ಇಟ್ಟುಕೊಳ್ಳುತ್ತಾನೆ. ಪುರಸೊತ್ತು ಸಿಕ್ಕಾಗ ಡಿಸ್ಕಿಗೆ ಇಳಿಸುತ್ತಾನೆ. ಲಾಳಿಯೊಳಗೆ ನೂಲು ಸುತ್ತಿಟ್ಟ ಕಂಡಿಕೆ ಇದ್ದ ಹಾಗೆ. ಕಂಡಿಕೆ ಸಣ್ಣದಾದರೆ ಗಳಿಗೆಗೊಮ್ಮೆ ಮಗ್ಗ ನಿಲ್ಲಿಸಿ ಬದಲಿಸಬೇಕು. ದೊಡ್ಡದಾದರೆ ಮಗ್ಗ ಓಡುತ್ತದೆ, ಆದರೆ ಒಮ್ಮೆ ಸಿಕ್ಕು ಬಿತ್ತೆಂದರೆ ಅಷ್ಟೂ ನೂಲು ಹಾಳು. ಬ್ಲಾಕು ಎಷ್ಟು ದೊಡ್ಡದಿರಬೇಕು ಎಂಬುದನ್ನು ನಾವೇ ಗೊತ್ತು ಮಾಡಬಹುದು. ನಮ್ಮ ಸೀರೆಯ ಚಿತ್ರಗಳು ಭಾರೀ ದೊಡ್ಡವು, ಕಂಪ್ಯೂಟರು ಎಮ್ಮೆಯಂತೆ ನಡೆಯುತ್ತಿತ್ತು. 'ಜಲ್ದಿ ಆಗೂ ಹಂಗ ಮಾಡ್ರಿ ಮಾರಾಯ್ರ' ಎಂದವರು ಕಾಶಪ್ಪನವರು. ಧರ್ಮರಾಜ ಅವರು ಬ್ಲಾಕು ದೊಡ್ಡದು ಮಾಡಿದರು, ತುಂಬುವ ತನಕ ಡಿಸ್ಕಿಗೆ ಇಳಿಸಬೇಡ ಎಂದೂ ಅದಕ್ಕೆ ಹೇಳಿಟ್ಟರು. ಕರೆಂಟು ಇರುವ ತನಕ ಅದು ಛಲೋ ವ್ಯವಸ್ಥೆಯೇ, ಕರೆಂಟು ಹೋದರೆ ಮೆಮೊರಿಯಲ್ಲಿದ್ದದ್ದೆಲ್ಲ ಅಳಿಸಿ ಹೋಗುತ್ತದೆ. ಆದರೆ ಗುಬ್ಬಿಗಾಲು ಸಣ್ಣ ದಡಿ. ಬ್ಲಾಕು ತುಂಬಲಿಲ್ಲ. ಪಾಪ, ಮೆಮೊರಿಯಲ್ಲೇ ಕಾದು ಕೂತಿತ್ತು.

ಅಷ್ಟರಲ್ಲಿ ಆಯುಧಪೂಜೆ. ಖಂಡೇನವಮಿಯ ಪೂಜೆ ಮುಗಿಯುವ ತನಕ ಮಷೀನಿನೊಳಗೆ ಕರೆಂಟಿನ ಉಸಿರೂ ಇರಬಾರದು ಎಂಬುದು ನಮ್ಮ ಸಂಘದ ಕಟ್ಟಳೆ. ಮೇನ್ ಎಳೆದರು. ಆಗಲಿ, ಯುಪಿಎಸ್ ಇತ್ತಲ್ಲ? ಅದನ್ನೂ ಬಂದ್ ಮಾಡಿದರು! 'ಅದೂ ಮಷೀನ್ ಅಲ್ಲೇನೋ? ದುಡದು ದುಡದು ಅದಕ್ಕೂ ಸಾಕಾಗಿರತೈತಿ.' ಹೀಗೆಂದವರು ಯಾರು ಎಂದು ನಾನು ಹೇಳುವುದಿಲ್ಲ. ಅಧ್ಯಕ್ಷರೇ, ಬೆರಳಿನ ಕುಂಕುಮ ಹಾಗೆ ಒರೆಸಿಕೊಳ್ಳಬೇಡಿ, ಧೋತರಕ್ಕೆ ಹತ್ತುತ್ತದೆ.

ಇನ್ನೊಮ್ಮೆ ಕೇಳಿದರಾಯಿತಲ್ಲ ಎನ್ನುತ್ತೀರಿ. ಯಾರನ್ನು? ಯಲ್ಲಕ್ಕನವರನ್ನೇ? ಇವರ ರೀತಿ ನಿಮಗೆ ಗೊತ್ತಿಲ್ಲವೇ? ದಡಿಯನ್ನು ಇವರು ಒಮ್ಮೆ ಮಾತ್ರ ಹೇಳುತ್ತಾರೆ. ಒಂದೊಂದು ಸಾಲಿಗೂ ಕೇಳುವವರು 'ಹೂಂ' ಅನ್ನಬೇಕು. ಎರಡನೆಯ ಸಲ ಕೇಳಿದವರನ್ನು ಮಗ್ಗದ ಮನೆಯಿಂದಲೇ ಎಬ್ಬಿಸುತ್ತಾರೆ. ನನ್ನ ಅವ್ವ ಪದ್ಮವ್ವ, ಅಗೋ ಅಲ್ಲಿ ಕಂಬದ ಪಕ್ಕ ಕೂತಿದ್ದಾಳೆ, ಹರೆಯದಲ್ಲಿ ಇವರ ಕೈಕೆಳಗೆ ನೇಯ್ಗೆ ಕಲಿತವಳು. ಗುಬ್ಬಿಗಾಲು ಹೇಳಿಕೊಡುವ ದಿನ ನಾನು ತೊಟ್ಟಿಲಲ್ಲಿ ಅತ್ತೆನಂತೆ. ಅವ್ವನ ಕಿವಿ ತೊಟ್ಟಿಲ ಕಡೆ ತಿರುಗಿತು. 'ಇನ್ನೊಮ್ಮೆ ಹೇಳ್ರಿ ಯಕ್ಕಾ' ಎಂದಳು. 'ಕೇಳಾಕ ಮನಸಿಲ್ಲದವರಿಗೆ ನಾ ಹೇಳಂಗಿಲ್ಲ, ಏಳ ಬೇ' ಎಂದರು ಇವರು. ಅವ್ವ ಎದ್ದು ಬಂದಳು. ಆಮೇಲೆ ಎಷ್ಟೋ ದಡಿ ನೇಯ್ದಳು, ಅದೊಂದನ್ನು ಬಿಟ್ಟು. ಯಾರದಾದರೂ ಹಳೆಯ ಸೀರೆಯಲ್ಲಿ ಗುಬ್ಬಿಗಾಲು ಕಂಡರೆ ಮುಟ್ಟಿ ನೋಡುತ್ತಾಳೆ, ಎಳೆಗಳ ಲೆಕ್ಕ ಕೈಗೆ ಸಿಗುವುದಿಲ್ಲ. ಆಗ ನನ್ನ ಕಡೆ ಮಾತ್ರ ನೋಡುವುದಿಲ್ಲ.

ಇದನ್ನು ನಾನು ಇಲ್ಲಿ ಹೇಳಬಾರದಿತ್ತು. ಅವ್ವಾ, ಸೆರಗು ಕಚ್ಚಬೇಡ. ಇವತ್ತು ಈ ಪರದೆಯ ಮೇಲೆ ಅದನ್ನು ನಿನಗೆ ತೋರಿಸಬೇಕೆಂದೇ ನಾನು ಇಷ್ಟೆಲ್ಲ ಓಡಾಡಿದ್ದು. ಸನ್ಮಾನ ಒಂದು ನೆಪ. ಅಜ್ಜಿ, ತಪ್ಪು ತಿಳಿಯಬೇಡಿ. ಮುಂಜಾನೆ ಹೋಗಿ ಇವರ ಮುಂದೆ ಕೂತಾಗ, 'ನಿಮ್ಮವ್ವ ಕೇಳಲಿಲ್ಲ, ನೀನರ ಕೇಳು' ಎಂದರು. ಪೂರ್ತಿ ಹೇಳಿ ಮುಗಿಸಿ, 'ಈಗ ನೀ ಹೇಳು, ನಾ ಹೂಂ ಅಂತೇನಿ' ಎಂದರು. ನಾನು ಮೊದಲಿನಿಂದ ಕೊನೆಯ ತನಕ ಹೇಳಿದೆ...

ಹೇಳಿದೆ. ತಡೆಯಿರಿ. ಸಭಿಕರೇ, ಸ್ವಲ್ಪ ತಡೆಯಿರಿ. ಹೇಳಿದ್ದೆನಲ್ಲ ನಾನು!

ವೇದಿಕೆ ಹತ್ತುವ ಮುಂಚೆ ಕಾಗದದ ಮೇಲೆ ಬರೆಯಲು ನೋಡಿದೆ, ಒಂದು ಸಾಲೂ ಬರಲಿಲ್ಲ. ಹೇಗೆ ಬಂದೀತು? ಹೂಂ ಅನ್ನಲು ಅಲ್ಲಿ ಯಾರಿದ್ದರು? ನೀವು ಅನ್ನಿ. 'ಎರಡ ಎಳಿ ಎತ್ತು, ಒಂದ ಬಿಡು.' ಅನ್ನಿ, ಹೂಂ ಅನ್ನಿ. ಹಾಂ! 'ಬಿಟ್ಟದ್ದನ್ನ ಹಿಡಿ, ಮೂರ ದಾಟು.' ಹಿಂದಿನ ಸಾಲಿನವರೂ ಅನ್ನಬೇಕು. 'ದಾಟಿ ತಿರುಗು, ಗುಬ್ಬಿ ಉಗುರ ಊರು.' ಬಂತು! ಅಯ್ಯೋ ಶಿವನೇ, ಬಂತಲ್ಲ! ಅಜ್ಜಿ ತಲೆದೂಗುತ್ತಿದ್ದಾರೆ, ನೋಡಿ ನೋಡಿ!

ಉಳಿದದ್ದನ್ನು ಇಲ್ಲಿ ಹೇಳಿ ಗಾಳಿಗೆ ಬಿಡುವುದಿಲ್ಲ. ಈಗ ಮೊದಲಿಗಿಂತ ಹೆಚ್ಚು ಹೆದರಿಕೆಯಾಗುತ್ತಿದೆ. ಈ ದಡಿ ಈಗ ಇರುವುದು ಎರಡು ತಲೆಗಳಲ್ಲಿ. ಒಂದು ತಲೆ ಎರಡನೆಯ ಸಲ ಹೇಳುವುದಿಲ್ಲ, ಇನ್ನೊಂದು ನನ್ನದು. ನನ್ನ ತಲೆಯ ಗ್ಯಾರಂಟಿ ನಿಮಗೆ ಗೊತ್ತೇ ಇದೆ, ಮದುವೆಯ ದಿನ ತಾಳಿಯನ್ನು ಮನೆಯಲ್ಲೇ ಬಿಟ್ಟು ರಬಕವಿಗೆ ಹೋದವನು ನಾನು. ದಾರಿಯಲ್ಲಿ ಯಾರಾದರೂ 'ಊಟ ಆತೇನ್ರಿ' ಎಂದರೂ ಸಾಕು, ಎಲ್ಲ ಅಳಿಸಿ ಹೋದೀತು.

ಅವ್ವಾ, ಏಳು. ನನಗೆ ಹೇಳಲು ಬರುತ್ತದೆ, ನೇಯಲು ಬರುವುದಿಲ್ಲ. ಹಾಸುನೂಲು ಏರಿಸಿದ ಕೈಮಗ್ಗ ಹಿಂದಿನ ಕೋಣೆಯಲ್ಲೇ ಇದೆ. ಒಂದೊಂದೇ ಸಾಲು ಹೇಳುತ್ತೇನೆ. ನೀನು ಹೂಂ ಅನ್ನು, ಅದು ಬಟ್ಟೆಗೆ ಇಳಿಯಲಿ, ಆಮೇಲೆ ಮುಂದಿನದು. ದೊಡ್ಡ ಬ್ಲಾಕಿನ ಸಹವಾಸ ಸಾಕಪ್ಪಾ ಸಾಕು! ಧರ್ಮರಾಜ ಅವರೇ, ಕಂಪ್ಯೂಟರಿನದೂ ಸಣ್ಣದು ಮಾಡಿಬಿಡಿ, ತಡವಾದರೆ ಆಗಲಿ.

ಅಧ್ಯಕ್ಷರು ನನ್ನ ಅಂಗಿ ಜಗ್ಗುತ್ತಿದ್ದಾರೆ. ಮಗ್ಗ ಪೂಜೆಗೆ ಕೂತಿದೆ, ಇವತ್ತು ಮುಟ್ಟಬಾರದು ಎನ್ನುತ್ತಿದ್ದಾರೆ. ಅದೂ ಖರೆ. ನಾನು ಏನು ಮಾಡಲಿ? ನಾಳೆಯ ತನಕ ಇದನ್ನು ಹೇಗೆ ಹೊತ್ತುಕೊಂಡಿರಲಿ?

ಅಜ್ಜಿ ಎದ್ದರು. ಶಾಲು ಇನ್ನೂ ತಟ್ಟೆಯಲ್ಲೇ ಇದೆ, ಮೆಟ್ಟಿಲು ಇಳಿಯುತ್ತಿದ್ದಾರೆ. ಅವರು ಅಂದದ್ದು ಮೈಕಿಗೆ ಸಿಗಲಿಲ್ಲ, ನಾನೇ ಹೇಳುತ್ತೇನೆ ಕೇಳಿ. 'ಮಗ್ಗದ ಮ್ಯಾಲಿನ ಹೂ ನಾ ತಗೀತೇನಿ. ಪದ್ಮಾನ್ನ ಕರಿ. ಅಕಿ ಹೂಂ ಅನ್ನೂದ ಮರತರ ನಾ ಅಂತೇನಿ.'

ವಂದನಾರ್ಪಣೆಯೂ ನನ್ನ ಪಾಲಿಗೇ ಇತ್ತು. ಹೂಂ ಎಂದ ನಿಮ್ಮೆಲ್ಲರಿಗೂ ನಾನು ಋಣಿ. ದಾರಿ ಬಿಡಿ. ದಯವಿಟ್ಟು ಯಾರೂ ನನ್ನನ್ನು ಮಾತನಾಡಿಸಬೇಡಿ. ನಮಸ್ಕಾರ.