ನಾವು ಚೆಂದ ಮಾಡಿದ ಫೋಟೋ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಹಲ್ಲಕ್ಕನ ಯಜಮಾನರಿಗೆ, ಅತ್ತೆಯವರಿಗೆ, ಮಗಳಿಗೆ — ನಮಸ್ಕಾರ ಹೇಳಲಿಕ್ಕೂ ಇವತ್ತು ನನಗೆ ಮುಖವಿಲ್ಲ. ಆದರೂ ಕೈ ಮುಗಿಯುತ್ತೇನೆ.

ಈ ಶ್ರದ್ಧಾಂಜಲಿ ಸಭೆಯಲ್ಲಿ ಎಡಗಡೆ ಕೂತವರು ಕಟ್ಟುಹಲ್ಲು ಮಾಡುವ ನಮ್ಮ ಡೆಂಟಲ್ ಲ್ಯಾಬಿನವರು. ಬಲಗಡೆ ಕೂತವರು ನಮ್ಮ ಕಾಸ್‌ಪ್ಲೇ ಗುಂಪಿನವರು. ನಾನು ಎರಡೂ ಕಡೆಗೆ ಸೇರಿದವನು. ಲ್ಯಾಬಿನಲ್ಲಿ ಹಲ್ಲಕ್ಕನ ಪಕ್ಕದ ಮೇಜು ನನ್ನದು. ಗುಂಪಿನಲ್ಲಿ ನಾನು ಕಾರ್ಯದರ್ಶಿ.

ಲ್ಯಾಬಿನ ಹಿರಿಯರಿಗೆ ಕಾಸ್‌ಪ್ಲೇ ಅಂದರೇನು ಅಂತ ಗೊತ್ತಿರಲಿಕ್ಕಿಲ್ಲ. ಕಾಮಿಕ್ಸಿನದೋ ವಿಡಿಯೋ ಗೇಮಿನದೋ ಒಂದು ಪಾತ್ರವನ್ನು ಮೆಚ್ಚಿಕೊಂಡು, ಅದರ ಉಡುಪು, ಆಯುಧ, ಕಿರೀಟ ಎಲ್ಲವನ್ನೂ ನಮ್ಮ ಕೈಯಾರೆ ಮಾಡಿ, ತೊಟ್ಟುಕೊಂಡು, ವರ್ಷಕ್ಕೊಮ್ಮೆ ಮೇಳದಲ್ಲಿ ಸೇರುವುದು. ಇಷ್ಟವಿದ್ದವರು ಯಾರು ಬೇಕಾದರೂ ಬನ್ನಿ ಅಂತ ನಮ್ಮ ಬ್ಯಾನರಿನಲ್ಲಿ ದೊಡ್ಡದಾಗಿ ಬರೆದಿದೆ. ಬರೆದಿದೆ — ಅಷ್ಟೇ.

ಹಲ್ಲಕ್ಕ ಎಂಬ ಹೆಸರು ನಮ್ಮ ಗುಂಪು ಇಟ್ಟದ್ದು. ವಾರವೆಲ್ಲ ಮುದುಕರಿಗೆ ಹಲ್ಲು, ರಜೆಯಲ್ಲಿ ರಾಕ್ಷಸರಿಗೆ ಹಲ್ಲು. ನಮ್ಮಲ್ಲಿ ಯಾರು ಕೋರೆಹಲ್ಲಿನ ವೇಷ ಹಾಕಿದರೂ ಆ ಕೋರೆ ಅವರ ಮೇಜಿನಿಂದಲೇ ಬರುತ್ತಿತ್ತು. ಬಾಯಿ ತೆರೆಸಿ, ಅಚ್ಚು ತೆಗೆದು, ತುಟಿಗೆ ಚುಚ್ಚದ ಹಾಗೆ ಉಜ್ಜಿ ಉಜ್ಜಿ ಕೊಡುತ್ತಿದ್ದರು. ಕೊಡುವಾಗ ಒಂದು ಮಾತು — "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ. ಹಲ್ಲಿನ ಜವಾಬ್ದಾರಿ ನಂದು. ಕಡಲೆ ನೀವು ನೋಡ್ಕೊಳ್ಳಿ."

ಅವರಿಗೂ ಒಂದು ವೇಷದ ಆಸೆ ಇತ್ತು. ಮಗಳು ಆಡುತ್ತಿದ್ದ ಗೇಮಿನಲ್ಲಿ ಹಿಮದ ನಾಡಿನ ಸೇನಾಧಿಪತಿ ಒಬ್ಬಳು ಬರುತ್ತಾಳೆ. ಬೆಳ್ಳಗೆ, ಬಳ್ಳಿಯ ಹಾಗೆ ಇರುವವಳು. ನಮ್ಮ ಹಲ್ಲಕ್ಕ ಕಪ್ಪು. ದಪ್ಪ. ವಯಸ್ಸು ನಲವತ್ತು ದಾಟಿತ್ತು. ಇದನ್ನು ನಾನು ಹೀಗೆ ಬಾಯಿ ಬಿಟ್ಟು ಹೇಳುತ್ತಿದ್ದೇನೆ, ಮನೆಯವರು ಬೇಜಾರು ಮಾಡಿಕೊಳ್ಳಬಾರದು. ಹೇಳಬೇಕಾದ್ದು ಅದೇ.

ಫೋಮ್ ಶೀಟನ್ನು ಬಿಸಿಮಾಡಿ ಬಗ್ಗಿಸಿ ಎದೆಕವಚ ಮಾಡಿದರು. ಭುಜದ ಮೇಲಿನ ತೋಳಮುಖಕ್ಕೆ ನಿಜವಾದ ತೋಳಕ್ಕಿರುವಂಥ ಹಲ್ಲು ಕೂರಿಸಿದರು. ಮೇಲಂಗಿಯ ಅಂಚನ್ನು ಈ ಅತ್ತೆಯವರೇ ಹೊಲಿದುಕೊಟ್ಟರು. ಮೇಳದ ವೇದಿಕೆಯ ಮೇಲೆ ಹಲ್ಲಕ್ಕ ನಡೆದು ಬಂದ ರೀತಿ — ನೋಡಬೇಕಿತ್ತು ನೀವು. ಹೀಗೆ, ಗದ್ದ ಎತ್ತಿಕೊಂಡು.

ಅದೇ ಸಂಜೆ ನಮ್ಮ ಗುಂಪಿನ ಪುಟದಲ್ಲಿ ಯಾರೋ ಬರೆದರು: "ಸೇನಾಧಿಪತಿ ಬಂದಳು, ಕುದುರೆ ಎಲ್ಲಿ? ತಿಂದುಬಿಟ್ಟಳು." ಅದರ ಕೆಳಗೆ ನಗುವ ಮುಖಗಳು. ಒಂದಲ್ಲ, ಎರಡಲ್ಲ — ಒತ್ತಿದವರಲ್ಲಿ ಅವರು ಮಾಡಿಕೊಟ್ಟ ಕೋರೆಹಲ್ಲನ್ನು ಬಾಯಲ್ಲಿಟ್ಟುಕೊಂಡು ಕುಣಿದವರೂ ಇದ್ದರು. ಇನ್ನೊಬ್ಬರ ಉಪದೇಶ: "ಪಾತ್ರಕ್ಕೆ ಮರ್ಯಾದೆ ಕೊಡಿ. ಮೈಗೆ ಒಪ್ಪೋ ವೇಷ ಹಾಕಿ." ಮರ್ಯಾದೆ — ಪಾತ್ರಕ್ಕಂತೆ!

ಮರುದಿನ ಲ್ಯಾಬಿನಲ್ಲಿ ಅದನ್ನು ಅವರೇ ನನಗೆ ತೋರಿಸಿದರು. "ಜೋಕ್ ಪರವಾಗಿಲ್ಲ ಕಣೋ" ಅಂದರು. ಆಮೇಲೆ ಕೈ ತೊಳೆಯುವ ಕಡೆ ಹೋಗಿ ಬಹಳ ಹೊತ್ತಿಗೆ ಬಂದರು. ಕಣ್ಣು ಕೆಂಪಾಗಿತ್ತು. "ಪ್ಲಾಸ್ಟರ್ ಧೂಳು" ಅಂದರು. ಅವತ್ತು ನಮ್ಮಲ್ಲಿ ಯಾರೂ ಪ್ಲಾಸ್ಟರ್ ಕೆಲಸ ಹಿಡಿದಿರಲಿಲ್ಲ.

ಮುಂದಿನ ಮೇಳಗಳಿಗೂ ಬಂದರು. ಬೈದವರು ಯಾರೂ ಇಲ್ಲ. ಗುಂಪಿನ ಫೋಟೋ ಹೊತ್ತಿಗೆ ಮಾತ್ರ, ಬಹಳ ಪ್ರೀತಿಯಿಂದ, "ಅಕ್ಕಾ, ಸ್ವಲ್ಪ ಬ್ಯಾಗ್ ನೋಡ್ಕೋತೀರಾ?" ಅನ್ನುತ್ತಿದ್ದೆವು. ಪ್ರತಿ ಸಲ. ಅವರೂ "ಹೋಗ್ರಪ್ಪಾ, ಚೆನ್ನಾಗಿ ತೆಗೆಸ್ಕೊಳ್ಳಿ" ಅನ್ನುತ್ತಿದ್ದರು. ಕೊನೆಕೊನೆಗೆ ವೇಷವಿಲ್ಲದೆ, ಸಾದಾ ಬಟ್ಟೆಯಲ್ಲಿ, ನಮ್ಮ ವೇಷಗಳ ರಿಪೇರಿಗೆ ಅಂಟು ಮತ್ತು ಅರದ ಡಬ್ಬಿ ಹಿಡಿದುಕೊಂಡು ಬಂದರು. ಯಾಕೆ ಅಂತ ನಾವು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ, ನಮಗೆ ಗೊತ್ತಿತ್ತು.

ಹೋದ ತಿಂಗಳು ಮೆದುಳಿನ ರಕ್ತನಾಳ ಒಡೆದು ಹಲ್ಲಕ್ಕ ಹೋಗಿಬಿಟ್ಟರು. ನಮ್ಮಲ್ಲಿ ಕೆಲವರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು — "ಕಾಯಿಲೆ ತಾನೇ? ನಮ್ಮ ಮಾತಿಂದ ಏನೂ ಆಗಿದ್ದಲ್ಲ ತಾನೇ?" ಅಲ್ಲ. ಡಾಕ್ಟರು ಅಲ್ಲ ಅಂದಿದ್ದಾರೆ. ಆದರೆ ಬಂಧುಗಳೇ, ಸಾವಿಗೆ ನಾವು ಕಾರಣರಲ್ಲ ಎಂದು ನಿಟ್ಟುಸಿರು ಬಿಡುವವರು, ಆ ಹೆಂಗಸು ಬದುಕಿದ್ದಾಗ ಏನು ಕೊಟ್ಟೆವು ಎಂದೂ ಒಮ್ಮೆ ಕೇಳಿಕೊಳ್ಳಬೇಕು.

ಎರಡು ದಿನ ಕಳೆದು ಅವರ ಯಜಮಾನರು ಫೋನ್ ಮಾಡಿದರು. ಪಂಪು ರಿಪೇರಿ ಮಾಡುವವರು, ಮಾತು ಕಮ್ಮಿ. "ಆ ಡ್ರೆಸ್ಸಲ್ಲಿ ಅವಳದ್ದೊಂದು ಫೋಟೋ ಇದ್ರೆ ಕೊಡ್ತೀರಾ?" ಅಂದರು. ಮನೆಯಲ್ಲಿ ಇಲ್ಲವೇ ಅಂತ ಕೇಳಿದೆ. "ಮನೇಲಿ ಭಾನುವಾರ ಹಾಕ್ಕೋತಿದ್ಲು. ಅದನ್ನ ಹಾಕ್ಕೊಂಡೇ ಅಡುಗೆ ಮಾಡೋಳು. ನಮ್ಮಮ್ಮ 'ಸೇನಾಧಿಪತಿಗಳೇ, ಹಾಲು ಉಕ್ಕೀತು' ಅನ್ನೋರು. ಎಲ್ಲ ನಗ್ತಿದ್ವಿ. ಆದ್ರೆ ಫೋಟೋ ತೆಗೆಯೋಕೆ ಬಿಡ್ತಿರಲಿಲ್ಲ. ತೆಗೆದ್ರೆ ಯಾರಾದ್ರೂ ನೋಡ್ತಾರೆ ಅನ್ನೋಳು."

ಯಾರಾದರೂ — ಅಂದರೆ ನಾವು.

ನಮ್ಮ ಬಳಿ ಸಾವಿರಾರು ಫೋಟೋಗಳಿವೆ. ಎಲ್ಲ ಜಾಲಾಡಿದೆವು. ಒಂದೇ ಒಂದು ಸಿಕ್ಕಿತು. ನಡುವೆ ಬೇರೆ ಯಾರದೋ ಕತ್ತಿವರಸೆ, ಅಂಚಿನಲ್ಲಿ ಅದೇ ವೇಷದಲ್ಲಿ ಹಲ್ಲಕ್ಕ. ನಮ್ಮ ಫೋಟೋದವರು ಇಲ್ಲೇ ಇದ್ದಾರೆ, ಇದನ್ನೆಲ್ಲ ಹೇಳು ಅಂತ ಅವರೇ ನನಗೆ ಹೇಳಿದ್ದಾರೆ. ಒಂದು ಇಡೀ ದಿನ ಕೂತು, ಆ ಕತ್ತಿ ಅಳಿಸಿ, ಹಲ್ಲಕ್ಕನನ್ನು ನಡುವಿಗೆ ತಂದರು. ಸೊಂಟ ಸಣ್ಣ ಮಾಡಿದರು. ಗದ್ದದ ಕೆಳಗಿನ ಮಡಿಕೆಯನ್ನು ತೆಗೆದರು. ಬಣ್ಣ ತಿಳಿ ಮಾಡಿದರು. ಪ್ರೀತಿಯಿಂದಲೇ ಮಾಡಿದರು! ನನಗೆ ತೋರಿಸಿದಾಗ ನಾನೂ "ಎಷ್ಟು ಚೆನ್ನಾಗಿ ಬಂದಿದೆ" ಅಂದೆ. ಚೌಕಟ್ಟು ಹಾಕಿಸಿ ಇಬ್ಬರೂ ಹಲ್ಲಕ್ಕನ ಮನೆಗೆ ತೆಗೆದುಕೊಂಡು ಹೋದೆವು.

ಅತ್ತೆಯವರು ಕನ್ನಡಕ ಹಾಕಿಕೊಂಡು ನೋಡಿದರು. ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. "ತಪ್ಪಿ ತಂದಿದ್ದೀರಪ್ಪ" ಅಂದರು. "ಇದು ಇನ್ಯಾರದೋ ಮನೆಗೆ ಕೊಡಬೇಕಾದ್ದು."

"ಇಲ್ಲಮ್ಮಾ, ಅಕ್ಕನೇ" ಅಂದರು ಫೋಟೋದವರು. "ಸ್ವಲ್ಪ ಚೆಂದ ಮಾಡಿದ್ವಿ, ಅಷ್ಟೇ."

"ಯಾಕೆ?" ಅಂತ ಕೇಳಿದರು ಆ ತಾಯಿ. ಕೋಪದಿಂದಲ್ಲ. ನಿಜವಾಗಿ ಗೊತ್ತಾಗದೆ ಕೇಳಿದರು. "ನಮ್ಮ ಸೊಸೆ ಚೆಂದ ಇರಲಿಲ್ವಾ?"

ನಿಂತ ನೆಲ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು. ಆ ಚೌಕಟ್ಟನ್ನು ಎದೆಗೆ ಅವುಚಿಕೊಂಡು, ಮುಂಭಾಗ ಯಾರಿಗೂ ಕಾಣದ ಹಾಗೆ, ಬಸ್ಸು ಹತ್ತಿ ವಾಪಸು ಬಂದೆವು. ಬದುಕಿದ್ದಾಗ ಫೋಟೋದಿಂದ ಹೊರಗಿಟ್ಟೆವು. ಹೋದ ಮೇಲೆ ಫೋಟೋದ ಒಳಗಿಂದಲೂ ಅವರನ್ನೇ ತೆಗೆದುಹಾಕಿದ್ದೆವು.

ಈ ಮೇಜಿನ ಮೇಲಿರುವುದು ತಿದ್ದದ ಪ್ರತಿ. ಬೇರೆಯವರ ಕತ್ತಿ ಅಡ್ಡ ಬಂದಿದೆ, ಹಾಗೇ ಬಿಟ್ಟಿದ್ದೇವೆ. ಇದನ್ನು ಕೊಟ್ಟಾಗ ಯಜಮಾನರು "ಹ್ಞಾಂ, ಇವಳೇ" ಅಂದರು. ಅಷ್ಟೇ ಅಂದರು.

ಕೊನೆಯದಾಗಿ ಒಂದು ವಿಷಯ. ಮುಂದಿನ ಮೇಳದಿಂದ ಹಲ್ಲಕ್ಕನ ಹೆಸರಿನಲ್ಲಿ ಒಂದು ಬಹುಮಾನ ಇಡೋಣ ಎಂದು ನಮ್ಮ ಸಮಿತಿ ತೀರ್ಮಾನಿಸಿತ್ತು. ಅದನ್ನು ಇಲ್ಲಿ ಘೋಷಿಸಬೇಕು ಅಂತ ಇತ್ತು. ಮಗಳ ಒಪ್ಪಿಗೆ ಕೇಳಿದೆ. ಅವಳು ಹೇಳಿದ್ದನ್ನು ಹಾಗೆಯೇ ಹೇಳುತ್ತೇನೆ: "ಬೇಡ ಅಂಕಲ್. ಅಮ್ಮನ ಹೆಸರಲ್ಲಿ ಬಹುಮಾನ ಕೊಟ್ಟು, ಅದನ್ನ ತಗೊಂಡವರನ್ನ ನೋಡಿ ಮತ್ತೆ ನಗ್ತೀರಿ."

ಆದ್ದರಿಂದ ಬಹುಮಾನ ಇಲ್ಲ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು ಎಂದು ಕೇಳಿಕೊಳ್ಳುತ್ತೇನೆ. ಬಲಗಡೆಯವರೇ, ಫೋನುಗಳನ್ನು ಒಳಗಿಡಿ. ನಾವು ಮಾತಿನ ಮಲ್ಲರು, ಎಲ್ಲರ ಬಗ್ಗೆಯೂ ನಮಗೊಂದು ಅಭಿಪ್ರಾಯ ಇರುತ್ತದೆ. ಈ ಒಂದು ನಿಮಿಷವಾದರೂ — ಯಾರ ಬಗ್ಗೆಯೂ ಏನೂ ಹೇಳದೆ, ಮನಸ್ಸಿನೊಳಗೂ ಹೇಳದೆ — ನಿಲ್ಲೋಣ.