ಗೇಣುದ್ದ ಹಳೆಯ ಹಾಸು

ಬೆಟಗೇರಿಯಲ್ಲಿ ಬಸ್ಸು ಎಂದಿನಂತೆ ತಡ. ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದವರು ನೇಯುವ ಮುದುಕಿ ಮಾಳವ್ವ ಮತ್ತು ನೇಕಾರರ ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ಸಾಯಿಮಾ ಎಂದು ಮಾತಿನಿಂದಲೇ ತಿಳಿಯಿತು.

“ಸೀರಿ ದಡಿ ನಕ್ಷಿ ಮುನ್ನೂರೂ ತಿರುಗಿ ಬಂದುವೇನ?”

“ಬಂದುವ್ರಿ ಕಾಕು. ನಿನ್ನಿ ಮಧ್ಯಾಹ್ನ ಹಳೇ ಸರ್ವರ್ ಅಂತ ತಿಳಕೊಂಡು ನಕ್ಷಿ ಇದ್ದ ಚಾಲೂ ಸರ್ವರನ್ನ ಅಳಿಸಿಬಿಟ್ಟಿದ್ದೆ.”

“ಅಳಿಸಿದ್ದು ಹೆಂಗ ಬಂತು?”

“ದಿನಾ ಮುಂಜಾನಿ ಆರಕ್ಕ ತಾನ ಸ್ನ್ಯಾಪ್‌ಶಾಟ್ ತಗೊಳ್ಳೋಹಂಗ ಮಾಡಿಟ್ಟಿದ್ದೆ. ಆಗ ಸರ್ವರ್ ಹೆಂಗಿತ್ತೋ ಹಂಗ ಪೂರಾ ನಕಲು, ಬ್ಯಾರೆ ಕಡೆ ಉಳೀತೈತಿ.”

“ಯಾರು ಕಲಿಸಿದ್ರವ್ವಾ?”

“ನೀವ ರೀ. ಸೀರಿ ಮುಗಿದ್ರೂ ಹಳೇ ಹಾಸಿನ ಎಳಿ ಪೂರ್ತಿ ಕೊಯ್ಯಬ್ಯಾಡ, ಗೇಣುದ್ದ ಮಗ್ಗದಾಗ ಬಿಡು, ಹೊಸ ಎಳಿ ಅದಕ್ಕ ಗಂಟು ಹಾಕಾಕ ಬರ್ತೈತಿ ಅಂತಿದ್ರಲ್ಲ.”

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು.

“ಮತ್ತ ನಿನ್ನಿ ಹತ್ತಕ್ಕ ನಾ ಕುಂತು ಬರಿಸಿದ ಹೊಸಾ ದಡಿ?”

ಸಾಯಿಮಾ ತಲೆ ತಗ್ಗಿಸಿದಳು. “ಅದೊಂದು ಹೋತ್ರಿ. ಆರರ ನಕಲು ಆದ ಮ್ಯಾಲ ಬರದದ್ದು.”

“ಅದಕ್ಯಾಕ ಮಾರಿ ಸಣ್ಣ ಮಾಡ್ತಿ? ಬಸ್ ಬಂತು, ಏಳು. ದಾರ್ಯಾಗ ಹೇಳ್ತೇನಿ, ಬರಕೋ.”

ಮೆಟ್ಟಿಲು ಹತ್ತುವಾಗಲೇ ಮಾಳವ್ವನ ಬೆರಳುಗಳು ಗಾಳಿಯಲ್ಲಿ ಎಳೆ ಎಣಿಸತೊಡಗಿದ್ದವು.